ಗೊಂಬೆ ಸತ್ತ ಮೇಲಿನ ಮಾತು

ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ಓಡಾಡಿ ಕಾಲು ಸೋತ ಮೇಲೆ ರಜನಿ ಮೇಡಂ ನರ್ಸಿಂಗ್ ಕಾಲೇಜಿಗೆ ಪಾಠ ಹೇಳಲು ಬಂದವರು. ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವುದು, ಮುಗಿದ ಮೇಲೆ ಎಲ್ಲರನ್ನೂ ಕೂಡಿಸಿ ಏನಾಯಿತೆಂದು ಮಾತಾಡಿಸುವುದು ಅವರ ಕೆಲಸ. ಹೈರಾಣಾಗುವುದು ಈ ಮಾತಾಡಿಸುವುದರಲ್ಲೇ. ಕೇಳುವ ಮೊದಲೇ ಹುಡುಗರು “ತಪ್ಪಾತ್ರಿ ಮೇಡಂ” ಅಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು.

ಆ ದಿನ ಉಸಿರಾಡದ ಕೂಸಿನ ಗೊಂಬೆ. ರಾಯಾಪುರದ ಮೆಕ್ಯಾನಿಕ್ ಮಕಬೂಲಸಾಬರ ಮಗಳು ಹುಸ್ನಾಳ ಪಾಳಿ. ಉಸಿರು ತುಂಬುವ ಆಂಬು ಬ್ಯಾಗ್ ಸಿಗದೆ ಅವಳು ಕಪಾಟಿನ ಮುಂದೆ ನಿಂತೇಬಿಟ್ಟಳು. ಪಕ್ಕದ ಕೋಣೆಯ ಪರದೆಯಲ್ಲಿ ನೋಡುತ್ತಿದ್ದ ಮೇಡಂ ‘ಗಾಬರಿಯಾದಳು’ ಎಂದು ಬರೆದುಕೊಂಡರು. ಗೊಂಬೆ ಸತ್ತಿತು.

ಈಗ ಆರು ಜನ ಗೊಂಬೆಯ ಸುತ್ತ ಕೂತಿದ್ದರು.

“ತಪ್ಪಾತ್ರಿ ಮೇಡಂ. ನನಗ ಈ ಕೆಲಸ ಆಗೂದಿಲ್ಲ. ನಾಳಿಂದ ಬರೂದಿಲ್ರಿ,” ಅಂದಳು ಹುಸ್ನಾ.

“ಅಳಬ್ಯಾಡವಾ, ಗೊಂಬಿ ಸತ್ರ ಪೊಲೀಸ್ರು ಬರೂದಿಲ್ಲ,” ಅಂದ ಜೊತೆಯ ಗುರುಬಸವ. ಯಾರೂ ನಗಲಿಲ್ಲ.

ಮೇಡಂ ಅವರ ಫೋನಿನಲ್ಲಿ ಮನೆಯಿಂದ ಅತ್ತೆಯ ಸಂದೇಶ: ನಿನ್ನ ಕೂಸಿಗೆ ನೂರಾ ಒಂದು ಜ್ವರ, ಲಗೂನ ಬಾ. ನಾಲ್ಕು ಧೈರ್ಯದ ಮಾತು ಹೇಳಿ ಎದ್ದುಬಿಡಬಹುದಿತ್ತು. ಆದರೂ ಕೇಳಿದರು, “ತಪ್ಪು ಹಂಗಿರಲಿ. ಏನೇನ್ ಮಾಡಿದಿ, ಅಷ್ಟ ಹೇಳು.”

“ಟ್ರೇದಾಗ ಬ್ಯಾಗ್ ಇರಲಿಲ್ರಿ. ಕಪಾಟು ಎಳದೆ, ತೆಗೀಲಿಲ್ಲ. ಕೈ ನಡಗಾಕತ್ತಿತ್ತು ನೋಡ್ರಿ, ಅದಕ್ಕ…”

ತಮ್ಮ ಕೂಸಿನ ಔಷಧದ ಚೀಟಿಗೆಂದು ಪರ್ಸಿನಲ್ಲಿ ತಡಕಾಡುತ್ತಿದ್ದ ಮೇಡಂ ಕೈಗೆ ಕಪಾಟಿನ ಕೀಲಿ ತಾಗಿತು. ಹಳೆಯ ಆಂಬು ಬ್ಯಾಗ್ ಹರಿದಿತ್ತು. ಹೊಸದು ಹುಡುಗರ ಕೈಗೆ ಸಿಕ್ಕು ಹಾಳಾಗದಿರಲಿ, ತಪಾಸಣೆಗೆ ಬಂದವರಿಗೆ ತೋರಿಸಲು ಇರಲಿ ಎಂದು ಮೊನ್ನೆ ತಾವೇ ಒರೆಸಿ ಕಪಾಟಿಗಿಟ್ಟು ಕೀಲಿ ಹಾಕಿದ್ದರು. ಇದು ಯಾರಿಗೂ ಗೊತ್ತಿರಲಿಲ್ಲ, ಅವರೂ ಮರೆತಿದ್ದರು. ಹುಸ್ನಾ ಮಾತ್ರ ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಕೂತಿದ್ದಳು.

ಮೇಡಂ ಕೀಲಿಯನ್ನು ಗೊಂಬೆಯ ಹೊಟ್ಟೆಯ ಮೇಲಿಟ್ಟರು. “ನಿನ್ನ ಕೈಯಿಂದ ಅಲ್ಲವಾ. ಕೀಲಿ ನಾನ ಹಾಕಿದ್ದೆ.”

ಹುಸ್ನಾ ಕೀಲಿಯನ್ನು ಕೈಗೆತ್ತಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, “ವಾರ್ಡಿನ್ಯಾಗೂ ಹಿಂಗ ಕೀಲಿ ಹಾಕಿಡ್ತಾರೇನ್ರಿ?”

“ಇಡ್ತಾರ. ನಾನೂ ಇಟ್ಟೀನಿ,” ಅಂದರು ಮೇಡಂ. “ನಾಳೆ ಹೋಗಿ ನೋಡೂಣು. ನೀನೂ ಬಾ.”

 ಹುಸ್ನಾ ಎದ್ದು ಕಪಾಟು ತೆಗೆದು, ಬ್ಯಾಗನ್ನು ಗೊಂಬೆಯ ತಲೆಯ ಹತ್ತಿರ ಇಟ್ಟಳು. “ಇನ್ನೊಮ್ಮೆ ಮಾಡ್ತೇನ್ರಿ.”

ಮನೆಗೆ ಹೋಗುವ ಐದೂವರೆಯ ಬಸ್ಸು ಇನ್ನು ಸಿಗುವುದಿಲ್ಲ. ‘ಔಷಧ ಹಾಕ್ರಿ, ಅರ್ಧ ತಾಸು ತಡಾ ಆಕ್ಕೇತಿ’ ಎಂದು ಅತ್ತೆಗೆ ಬರೆದು, ಮೇಡಂ ಸ್ಟಾಪ್‌ವಾಚ್ ಒತ್ತಿದರು.