ಸವಳು ಹೊಲದ ಪೈಪು

ನಮ್ಮವ್ವನಿಗೆ ತವರಿನಿಂದ ಬಂದ ಎರಡೆಕರೆ ಹೊಲ ಬೀಳಗಿ ತಾಲೂಕಿನ ನಮ್ಮೂರ ಹಳ್ಳದ ದಂಡೆಗಿದೆ. ನನ್ನನ್ನೂ ಊರಲ್ಲೇ ಕೊಟ್ಟಿದ್ದರಿಂದ ಹೊಲ ನನಗೇ ಸಿಗಬೇಕೆಂಬುದು ಅವಳ ಆಸೆ. ಆದರೆ ವರ್ಷಗಟ್ಟಲೆ ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಆ ನೆಲ ಸವಳಾಗಿತ್ತು. ಬೇಸಿಗೆಯಲ್ಲಿ ಮೇಲೆಲ್ಲ ಬೆಳ್ಳಗೆ ಉಪ್ಪು, ಮಳೆಗಾಲದಲ್ಲಿ ಕಾಲಿಟ್ಟರೆ ಕೆಸರು. ಹಾಕಿದ ಬೀಜ ಮೊಳೆಯುತ್ತಿರಲಿಲ್ಲ. ಹೊಲ ನನ್ನ ಹೆಸರಿಗೆ ಮಾಡುವ ಮಾತು ಬಂದಾಗಲೆಲ್ಲ ಅವ್ವ, “ಹಳಸಿದ ಅನ್ನ ಮಗಳ ತಾಟಿಗೆ ಹೆಂಗ ಹಾಕ್ಲಿ?” ಎನ್ನುತ್ತಿದ್ದಳು. ನನಗೆ ಹೊಲ ಹಾಳಾದದ್ದಕ್ಕಿಂತ ಅವಳ ಆ ನಾಚಿಕೆಯೇ ಹೆಚ್ಚು ನೋಯಿಸುತ್ತಿತ್ತು.

ಇಂಥ ನೆಲ ಉಳಿಸಲು ಸರಕಾರ ಸಬ್ಸಿಡಿ ಕೊಡುತ್ತದೆಂದು ತಿಳಿದ ವಾರದಲ್ಲೇ ಅವ್ವನ ಹೆಬ್ಬೆಟ್ಟು ಒತ್ತಿಸಿ ಅರ್ಜಿ ಹಾಕಿದೆ. ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರನ್ನು ಹಳ್ಳಕ್ಕೆ ಬಸಿದುಬಿಡುವ ಕೆಲಸ ಅದು. ಹೊಲದ ಉತಾರ, ಪಾಸ್‌ಬುಕ್, ಆಧಾರ್ ಎಂದು ಅಲೆದು ನನ್ನ ಚಪ್ಪಲಿ ಸವೆದವು. ನನ್ನ ಬಾಯಿಗೆ ಹೆದರಿಯೇ ಫೈಲು ಮುಂದೆ ಸರಿಯಿತೆಂದು ಗಂಡ ಇಂದಿಗೂ ಚೇಷ್ಟೆ ಮಾಡುತ್ತಾನೆ. ಅಂತೂ ಪೈಪು ಹೂತದ್ದಾಯಿತು. ಹಳ್ಳದ ಕಡೆಗಿದ್ದ ಅದರ ಬಾಯಿಂದ ನೀರು ಧೋ ಎಂದು ಸುರಿಯತೊಡಗಿತು.

ಮೂರು ವಾರದ ಮೇಲೆ ಇಲಾಖೆಯ ಸಾಹೇಬರು ಪರಿಶೀಲನೆಗೆ ಬಂದರು. ನೀರು ಬಸಿಯುವ ಫೋಟೊ ತೆಗೆದರೆ ಮಾತ್ರ ಸಬ್ಸಿಡಿ ಮಂಜೂರು. ನಾನೂ ಅವ್ವನೂ ಅವರ ಜೊತೆ ಹೋಗಿ ನೋಡಿದರೆ ಪೈಪಿನಿಂದ ಒಂದು ಹನಿಯೂ ಇಲ್ಲ, ಹೊಲದಲ್ಲಿ ಮತ್ತೆ ನೀರು ನಿಂತಿತ್ತು. ಬಗ್ಗಿ ಪೈಪಿಗೆ ಕೈ ಹಾಕಿದೆ. ಒಳಗೆ ಹೊದೆಯುವ ಹಳೇ ಕೌದಿಯ ತುಂಡು ತುರುಕಿದ್ದರು. ಅದರ ಹೊಲಿಗೆ ನೋಡಿದ ಕೂಡಲೇ ಯಾರ ಕೆಲಸವೆಂದು ಗೊತ್ತಾಯಿತು.

“ಯವ್ವಾ, ಇದೇನ ಮಾಡಿಟ್ಟಿ ನೀ?” ಎಂದು ಸಾಹೇಬರ ಮುಂದೆಯೇ ಕೂಗಾಡಿದೆ.

ಅವ್ವ ಸೆರಗು ಸರಿಮಾಡಿಕೊಂಡಳು. “ನೀರಿನ ಪಾಳಿಗಿ ಮಂದಿ ಕೂಡ ಜಗಳ ತಗದು ಹೊಲಾ ಮಾಡಿದಾಕಿ ನಾನು. ಅಷ್ಟು ನೀರು ಸುಮ್ನ ಹಳ್ಳಕ್ಕ ಹೋಗೂದು ನೋಡಾಕ ಆಗಲಿಲ್ಲ.”

ಸಾಹೇಬರು ಕೌದಿ ಕಿತ್ತೆಸೆದು, ಹರಿದು ಬಂದ ನೀರನ್ನು ಬೊಗಸೆಯಲ್ಲಿ ಹಿಡಿದು, “ಒಂದೀಟ ನಾಲಿಗಿಗೆ ಹಚ್ಚಿ ನೋಡ್ರಿ, ಅವ್ವಾರ,” ಎಂದರು.

ಅವ್ವ ಹಚ್ಚಿ ನೋಡಿ ಉಗುಳಿದಳು. “ಇಷ್ಟು ಉಪ್ಪು ಹೊಲದ ಹೊಟ್ಟ್ಯಾಗ ಇತ್ತೇನು,” ಎಂದವಳು ಬದುವಿನ ಮೇಲೆ ಕುಳಿತುಬಿಟ್ಟಳು.

ಈಗಷ್ಟೇ ಬಿಚ್ಚಿದ್ದು ಲೆಕ್ಕಕ್ಕಿಲ್ಲ, ಹದಿನೈದು ದಿನ ಬಿಟ್ಟು ಬರುತ್ತೇನೆ, ಆಗಲೂ ನೀರು ಹರಿಯುತ್ತಿರಬೇಕು ಎಂದು ಸಾಹೇಬರು ಫೋಟೊ ತೆಗೆಯದೆ ಹೋದರು. ಅಷ್ಟೂ ದಿನ ಅವ್ವ ಪೈಪಿನ ಬಾಯಿ ಕಾದಳು. ಒಂದು ಎಲೆ ಸಿಕ್ಕರೂ ತೆಗೆಯುವಳು, ದನ ಹಾಯದಂತೆ ಜಾಲಿ ಮುಳ್ಳು ಬೇರೆ ಹಚ್ಚಿದಳು. ಫೋಟೊ ಆಯಿತು, ಮಂಜೂರೂ ಆಯಿತು.

ಎರಡು ಮಳೆಗಾಲ ಉಪ್ಪು ತೊಳೆದ ಮೇಲೆ ಈ ಹಿಂಗಾರಿಗೆ ಜೋಳ ಬಿತ್ತಿದೆವು. ನಡುವೆ ಇನ್ನೂ ಅಲ್ಲಲ್ಲಿ ಬೋಳು ಜಾಗವಿದೆ. ಉಳಿದದ್ದು ಮೊಳಕಾಲುದ್ದ ನಿಂತಿದೆ. ಮೊನ್ನೆ ಮುಂಜಾನೆ ಅವ್ವ ಒಬ್ಬಳೇ ಜೋಳದ ಸಾಲು ಹಿಡಿದು ಹೊಲದ ಆ ತುದಿಯವರೆಗೆ ನಡೆದು ತಿರುಗಿ ಬಂದಳು. ನಾನು ಬುತ್ತಿ ಬಿಚ್ಚುತ್ತಿದ್ದೆ.

“ನಾಳೆ ಆಧಾರ್ ಕಾರ್ಡ್ ತಗೊಂಡು ನನ್ನ ಕೂಡ ಬೀಳಗಿಗೆ ಬಾ,” ಎಂದಳು. “ಹೊಲಾ ನಿನ್ನ ಹೆಸರಿಗೆ ಮಾಡ್ತೀನಿ.”