ಗೆದ್ದಲು ಮುಟ್ಟದ ಹಲಗೆ

ಶಂಕರಿಯನ್ನು ನಮ್ಮೂರಲ್ಲಿ ಪುಕ್ಕಲಿ ಎಂದೇ ಕರೆಯುತ್ತಾರೆ. ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಈಗಲೂ ಅವಳು ಕೈಯಲ್ಲಿದ್ದದ್ದನ್ನು ಬಿಟ್ಟು ಬಾವಿ ಮುಚ್ಚಲು ಓಡುತ್ತಾಳೆ. ಕಳೆದ ಚುನಾವಣೆಗೆ ಯಾರೋ ದೊಡ್ಡ ಮನುಷ್ಯರು ಹಾರಿ ಬಂದಾಗಲೂ ಓಡಿದಳು; ರಸ್ತೆಯಲ್ಲಿದ್ದವರು ಹಲ್ಲು ಕಿರಿದರು. ನಕ್ಕವರಿಗೇನು, ಬೇರೆಯವರ ಗಾಯ ಯಾವತ್ತೂ ನೋಯುವುದಿಲ್ಲ. ನಾನು ಅವಳ ನೆರೆಮನೆಯವಳು, ಅವಳ ಜೊತೆಯಲ್ಲೇ ಕೆಲಸಕ್ಕೆ ಹೋಗುವವಳು. ನನಗೆ ನಗು ಬರಲಿಲ್ಲ.

ಎಣ್ಮಕಜೆ ಕಡೆಯ ಗುಡ್ಡದ ಬುಡದಲ್ಲಿ ನಮ್ಮ ಮನೆಗಳು; ಮೇಲೆಲ್ಲ ಗೇರು ತೋಟ. ಶಂಕರಿಗೆ ಚೊಚ್ಚಲ ಮಗ ಅಕ್ಷಿತ್ ಹೊಟ್ಟೆಯಲ್ಲಿದ್ದಾಗ ಆ ತೋಟಕ್ಕೆ ಹುಳ ಸಾಯಲೆಂದು ಹೆಲಿಕಾಪ್ಟರಿನಿಂದ ಮದ್ದು ಬಿಟ್ಟರು. ಬಾವಿ ಮುಚ್ಚಿಕೊಳ್ಳಿ ಎಂದು ಸಾರಿದ್ದರು. ಅವಳು ತೆಂಗಿನ ಗರಿ ಹೊದಿಸಿ ಮುಚ್ಚಿದ್ದಳು. ಹೊಟ್ಟೆಯನ್ನು ಯಾವುದರಿಂದ ಮುಚ್ಚಬೇಕೆಂದು ಯಾರೂ ಸಾರಿರಲಿಲ್ಲ. ಅಕ್ಷಿತನಿಗೆ ಈಗ ಇಪ್ಪತ್ತೇಳು ವರ್ಷ. ಕೊರಳು ನಿಲ್ಲುವುದಿಲ್ಲ, ಮಾತಿಲ್ಲ, ಚಾಪೆಯ ಮೇಲೇ ಜೀವನ. ಅಮ್ಮನ ಹೆಜ್ಜೆಯ ಸದ್ದು ಮಾತ್ರ ಗೊತ್ತು, ಅದಕ್ಕೆ ನಗುತ್ತಾನೆ. ಮದ್ದಿನಿಂದಲೇ ಹೀಗಾಯಿತೋ ಅಲ್ಲವೋ ಎಂದು ಕಲಿತವರು ವಾದ ಮಾಡಿದರು, ಕ್ಯಾಮೆರಾ ಹಿಡಿದವರು ಬಂದು ಹೋದರು. ಅವನ ಬಟ್ಟೆ ಒಗೆಯಲು ಒಬ್ಬರೂ ಬರಲಿಲ್ಲ. ಮದ್ದು ಬಿಡುವುದು ನಿಂತ ಮೇಲೆ ಹುಟ್ಟಿದ ಮಗಳು ವಿಜೇತಾ ಗಟ್ಟಿಮುಟ್ಟಾಗಿದ್ದಾಳೆ. ಈಗ ಅವಳು ಬಸುರಿ, ಹೆರಿಗೆಗೆ ತಾಯಿಮನೆಗೆ ಬಂದಿದ್ದಾಳೆ.

ನಾವು ದುಡಿಯುವುದು ಬಾಯಾರಿನ ಹತ್ತಿರ, ಫಿಡೆಲಿಸ್ ಪೊರ್ಬುಗಳ ಹಲಗೆ ಫ್ಯಾಕ್ಟರಿಯಲ್ಲಿ. ಕೊಂಕಣಿ ಕ್ರೈಸ್ತರನ್ನು ನಮ್ಮಲ್ಲಿ ಪೊರ್ಬುಗಳು ಎನ್ನುವುದು ವಾಡಿಕೆ. ನೆಡುತೋಪುಗಳಲ್ಲಿ ಅಕೇಶಿಯಾ ಕಡಿದು ದಿಮ್ಮಿ ಸಾಗಿಸಿದ ಮೇಲೆ ಉಳಿಯುವ ಕೊಂಬೆ-ಗೆಲ್ಲು, ತುದಿ, ಸಿಪ್ಪೆ ಎಲ್ಲ ಲಾರಿಯಲ್ಲಿ ಇಲ್ಲಿಗೆ ಬರುತ್ತದೆ. ಅದನ್ನು ಯಂತ್ರಕ್ಕೆ ಕೊಟ್ಟು ಚೂರು ಮಾಡಿ, ಒಣಗಿಸಿ, ಜರಡಿ ಹಿಡಿದು, ಅಂಟು ಕಲಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಹಲಗೆ. ಚೂರಿನಿಂದ ಕಲ್ಲು, ಕಸ ಹೆಕ್ಕುವುದು ಶಂಕರಿಯ ಕೆಲಸ, ಜರಡಿ ನನ್ನದು. ಸಂಜೆಯ ಹೊತ್ತಿಗೆ ನಮ್ಮಿಬ್ಬರ ಕಣ್ಣುರೆಪ್ಪೆಯ ಮೇಲೂ ಹುಡಿ ಕೂತಿರುತ್ತದೆ.

ಮೊದಮೊದಲು ಮಾಡಿದ ಹಲಗೆ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಉಬ್ಬಿತ್ತು. ಪೊರ್ಬುಗಳು ಅಂಟು ಬದಲಿಸಿದರು, ಚೂರಿಗೆ ಮೇಣ ಬೆರೆಸಿದರು, ನೀರಿನ ಕಾಟ ತಪ್ಪಿತು. ಗೆದ್ದಲಿನ ಕಾಟ ಮಾತ್ರ ತಪ್ಪಲಿಲ್ಲ. ಕೊಂಡುಹೋದವರು ಕಪಾಟು ಹೊತ್ತು ತಂದು ಅಂಗಳದಲ್ಲಿಟ್ಟು ಬೈದು ಹೋಗುತ್ತಿದ್ದರು.

ಹೀಗಿರುವಾಗ ಈ ವರ್ಷ ಬೇಸಗೆಯಲ್ಲಿ ನಮ್ಮ ಗುಡ್ಡದ ಮುದಿ ಗೇರು ಮರಗಳನ್ನು ಕಡಿದರು. ಗೆಲ್ಲುಗಳು ಲಾರಿ ತುಂಬಿ ಫ್ಯಾಕ್ಟರಿಗೆ ಬಂದವು. ಅವುಗಳ ಹಲಗೆಯದೊಂದು ತುಂಡು, ಅಕೇಶಿಯಾ ಹಲಗೆಯದೊಂದು ತುಂಡು, ಎರಡನ್ನೂ ಪೊರ್ಬುಗಳು ಶೆಡ್ಡಿನ ಹಿಂದೆ ಗೆದ್ದಲು ಮುತ್ತಿದ ತೆಂಗಿನ ಬುಡದ ಪಕ್ಕ ಹೂತಿಟ್ಟರು. ಮಳೆ ಬಿಟ್ಟ ಮೇಲೆ ನಮ್ಮೆಲ್ಲರ ಎದುರಲ್ಲೇ ಅಗೆದರು.

ಅಕೇಶಿಯಾ ತುಂಡು ಮುಟ್ಟಿದರೆ ಉದುರುವಂತಿತ್ತು. ಗೇರಿನ ತುಂಡು ಹೂತಿಟ್ಟ ಹಾಗೆಯೇ ಇತ್ತು, ಒಂದು ತೂತೂ ಇಲ್ಲ.

"ನೋಡಿ ಮಾರಾಯ್ರೆ! ಇನ್ನು ಇಪ್ಪತ್ತು ವರ್ಷಕ್ಕೆ ಗ್ಯಾರಂಟಿ ಕೊಡಬಹುದು!" ಎಂದು ಪೊರ್ಬುಗಳು ಕುಣಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಶಂಕರಿ ಮಾತ್ರ ತಟ್ಟಲಿಲ್ಲ.

"ಗೆದ್ದಲು ಯಾಕೆ ತಿನ್ಲಿಲ್ಲ ಪೊರ್ಬುಗಳೇ?"

"ಗೇರಿನಲ್ಲಿ ಸೊನೆ ಉಂಟಲ್ಲ ಶಂಕರಿಯಕ್ಕ. ದೋಣಿಗೆ ಗೇರೆಣ್ಣೆ ಹಚ್ಚೋದು ಮತ್ತೆ ಎಂತಕ್ಕೆ?"

"ಅದು ಬೀಜದ ಸಿಪ್ಪೆಯದ್ದು. ಇದು ಗೆಲ್ಲು."

"ಗೆಲ್ಲಲ್ಲೂ ಸ್ವಲ್ಪ ಇರ್ತದೆ," ಎಂದರು ಅವರು. ಅವರಿಗೆ ಆ ಸಂತೋಷದಲ್ಲಿ ಬೇರೇನೂ ಹೊಳೆಯಲಿಲ್ಲ.

ಮನೆಗೆ ಮರಳುವ ದಾರಿಯಲ್ಲಿ ಶಂಕರಿ ನನ್ನ ಕೈ ಹಿಡಿದುಕೊಂಡಳು.

"ಆ ವರ್ಷ ಮದ್ದು ಬಿಟ್ಟ ಮೇಲೆ ನಮ್ಮ ಅಂಗಳದಲ್ಲಿ ಗೇರಿನ ಗೆಲ್ಲು ಬಿದ್ದಿತ್ತು. ಒಂದು ಗೆದ್ದಲು ಹತ್ತಲಿಲ್ಲ ಅಕ್ಕ. ಜೇನಿಲ್ಲ, ತೋಡಲ್ಲಿ ಕಪ್ಪೆ ಸಹ ಇಲ್ಲ. ಒಳ್ಳೆ ಸೌದೆ ಉಳೀತು ಅಂತ ನಾವು ಅದನ್ನೇ ಒಲೆಗೆ ಹಾಕಿದ್ದು. ಹೊಗೆ ಬಂದರೆ ಊದ್ತಾ ಇದ್ದದ್ದು ನಾನೇ. ಅಕ್ಷಿತ್ ಆಗ ಹೊಟ್ಟೆಯಲ್ಲಿ."

ಇಷ್ಟು ದಿನ ಆ ಗೇರಿನ ಹುಡಿಯನ್ನು ಜರಡಿ ಹಿಡಿದವಳು ನಾನೇ ಅಲ್ಲವೇ?

ಆ ದಿನದಿಂದ ಶಂಕರಿ ನೇರ ಮನೆಯೊಳಗೆ ಹೋಗುವುದನ್ನು ಬಿಟ್ಟಳು. ಹಿತ್ತಲ ಬಚ್ಚಲಲ್ಲಿ ತಲೆಗೆ ನೀರು ಹೊಯ್ದು, ಸೀರೆ ಅಲ್ಲೇ ನೆನೆಹಾಕಿ, ಆಮೇಲೆ ಒಳಗೆ. ಅಷ್ಟರವರೆಗೆ ಮಗಳು ಹತ್ತಿರ ಬಂದರೆ ಕಿರುಚಿ ದೂರ ಅಟ್ಟುತ್ತಿದ್ದಳು. ಕೆಲಸ ಬಿಡು ಎಂದೆ. ಬಿಟ್ಟರೆ ಹೊಟ್ಟೆಗೆ ಏನು ಮಾಡುವುದು ಎಂದಳು. ಅವಳ ಗಂಡ ಮುದ್ದಣ್ಣನ ಬೆನ್ನು ಹೋಗಿ ವರ್ಷಗಳಾದವು. ಮನೆಯಲ್ಲಿದ್ದು ಮಗನನ್ನು ನೋಡಿಕೊಳ್ಳುವುದು ಅವನೇ.

ಪೊರ್ಬುಗಳು ಕೆಟ್ಟವರಲ್ಲ. ಅವಳ ಹೆದರಿಕೆ ಕಂಡು ಗೇರು ಹಲಗೆಯ ತುಂಡೊಂದನ್ನು ವಿಷ ಉಂಟೋ ಎಂದು ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ತಾವೇ ಓಡಿ ಬಂದು ಹೇಳಿದರು.

"ಎಂತದೂ ಇಲ್ಲಂತೆ ಶಂಕರಿಯಕ್ಕ. ಇನ್ನು ಹೆದರಬೇಡಿ."

"ಆಗ ಸಹ ಎಂತದೂ ಇಲ್ಲ ಅಂತಲೇ ಹೇಳಿದ್ದು," ಎಂದಳು ಶಂಕರಿ.

ಪೊರ್ಬುಗಳು ಉತ್ತರದ ಕಾಗದ ಮಡಚಿಕೊಂಡು ಹೋದರು. ಪರೀಕ್ಷೆ ಮಾಡಿದವರ ಮಾತು ನಿಜವೇ ಇರಬಹುದು, ಅಷ್ಟೊಂದು ಮಳೆಗಾಲ ಆ ಮರಗಳನ್ನು ತೊಳೆದಿದೆ. ಆದರೂ ನಾನೀಗ ಮೂಗಿಗೆ ಎರಡು ಪದರ ಬಟ್ಟೆ ಕಟ್ಟಿಕೊಳ್ಳುತ್ತೇನೆ.

ವಿಜೇತಾಳ ದಿನ ಹತ್ತಿರವಾದಾಗ ಪೊರ್ಬುಗಳು ಗೇರಿನ ಹಲಗೆಯಿಂದ ಮಂಚವೊಂದನ್ನು ಮಾಡಿಸಿದರು, ಬಾಣಂತಿಗೆಂದು ಉಡುಗೊರೆ. ಶಂಕರಿ ಬೇಡ ಎಂದಳು, ಕೈಮುಗಿದು ಬೇಡ ಎಂದಳು. ಸಂಕೋಚಪಡುತ್ತಾಳೆ ಎಂದುಕೊಂಡು ಆ ಪುಣ್ಯಾತ್ಮರು ಅವಳಿಗೆ ಹೇಳದೆಯೇ ಪಿಕಪ್ಪಿನಲ್ಲಿ ಮನೆಗೆ ಕಳಿಸಿಬಿಟ್ಟರು.

ಅಂದು ಸಂಜೆ ನಾವಿಬ್ಬರೂ ಅಂಗಳಕ್ಕೆ ಬಂದಾಗ ಮುದ್ದಣ್ಣನೇ ಎದ್ದು ಬಂದು ಹೇಳಿದ, "ನಿನ್ನ ಪೊರ್ಬುಗಳು ಮಂಚ ಕಳಿಸಿದ್ದಾರೆ."

ಶಂಕರಿ ಮನೆಬಾಗಿಲ ಕಡೆ ನೋಡಿದಳು. "ವಿಜೇತಾ ಎಲ್ಲಿ? ಅದರ ಮೇಲೆ ಮಲಗಿದಳಾ?"

"ಇಲ್ಲ ಮಾರಾಯ್ತಿ. ನೀನು ಹೆದರ್ತಿ ಅಂತ ಗೊತ್ತಿಲ್ವಾ ನಂಗೆ? ಅವಳನ್ನು ಹತ್ತಿರ ಬಿಡಲಿಲ್ಲ. ಅಕ್ಷಿತನನ್ನು ಮಲಗಿಸಿದೆ. ಅವನಿಗೆ ನೆಲದ ಥಂಡಿ ತಪ್ಪಿತು. ಒದ್ದೆ ಮಾಡಿದರೂ ಹಲಗೆ ಹಾಳಾಗೋದಿಲ್ಲ."

ಅವಳು ಓಡಿ ಹೊಸ್ತಿಲ ತನಕ ಹೋದಳು, ಅಲ್ಲೇ ನಿಂತಳು. ಒಳಗೆ ಹೊಸ ಮಂಚದ ಮೇಲೆ ಅಕ್ಷಿತ್ ಮಲಗಿದ್ದ. ಕೆನ್ನೆ ಬರಿಯ ಹಲಗೆಗೆ ತಾಗಿತ್ತು.

"ಇಳಿಸಿ ಅವನನ್ನು," ಎಂದಳು.

ಮುದ್ದಣ್ಣ ಅವಳನ್ನೇ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತು ಮಾತ್ರ ಇತ್ತು. "ಅವನಿಗೆ ಇನ್ನು ಎಂತ ಆಗ್ಲಿಕ್ಕುಂಟು ಶಂಕರಿ?"

ಆ ಮಾತು ಕೇಳಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ.

"ಹೆದರ್ಲಿಕ್ಕೆ ನಂಗೆ ಮಗಳೊಬ್ಬಳೇ ಇರೋದಾ?" ಎಂದಳು ಶಂಕರಿ. "ಇಳಿಸಿ ಅಂದೆ. ನನ್ನ ಮೈಯೆಲ್ಲ ಹುಡಿ. ನಾನು ಮುಟ್ಲಿಕ್ಕಾಗೋದಿಲ್ಲ, ನೀವೇ ಎತ್ತಿ."

ಮುದ್ದಣ್ಣ ನೋವಿನ ಬೆನ್ನು ಬಗ್ಗಿಸಿ ಮಗನ ಕಂಕುಳಿಗೆ ಕೈಹಾಕಿದ. ಅಮ್ಮನ ಹೆಜ್ಜೆಯ ಸದ್ದು ಕೇಳಿದ್ದ ಅಕ್ಷಿತ್ ಅವಳ ಕಡೆ ಕೈ ಚಾಚಲು ಹೆಣಗುತ್ತ ನಗುತ್ತಿದ್ದ. ಶಂಕರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲ ಹೊರಗೇ ನಿಂತಿದ್ದಳು.