ಕಣ್ಣಿಗೆ ಕಂಡ ಹೊಂಬಾಳಮ್ಮ

ಹುಣಸೂರಿನಲ್ಲಿ ಗಯಾಸುದ್ದೀನ್ ಅವರ ಮನೆ ಯಾವುದೆಂದು ಕೇಳಿದರೆ ಬೀದಿಯವರು ಒಂದು ಗಳಿಗೆ ಯೋಚಿಸುತ್ತಾರೆ. ಪ್ರೆಸ್ ಸಾಬ್ರ ಮನೆ ಎಂದರೆ ಮಕ್ಕಳೂ ಕೈ ತೋರಿಸುತ್ತವೆ. ಪ್ರೆಸ್ಸು ಮುಚ್ಚಿ ಒಂಬತ್ತು ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ.

ಹದಿನಾರನೇ ವಯಸ್ಸಿನಲ್ಲಿ ಅವರು ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ತಲೆಕೆಳಗಾಗಿ ಸಾಲು ಕಟ್ಟುತ್ತಿದ್ದರು. ಇಪ್ಪತ್ತೆರಡು ವರ್ಷ ಹಾಗೆ ಕಳೆದ ಮೇಲೆ ಕಂಪ್ಯೂಟರ್ ಬಂತು, ಡಿಟಿಪಿ ಕಲಿತರು. ಆಮೇಲೆ ಲಗ್ನಪತ್ರಿಕೆಗಳೆಲ್ಲ ಮೊಬೈಲಿನಲ್ಲೇ ಹೋಗತೊಡಗಿದವು. ಯಂತ್ರ ಮಾರಿ ಮನೆಯಲ್ಲಿ ಕೂತರು. ಕೂತವರಿಗೆ ಮೊಮ್ಮಗಳು ನಿಶತ್ ಪಿಯುಸಿಯಲ್ಲಿ ಓದಿದ ಕಂಪ್ಯೂಟರ್ ಪುಸ್ತಕ ಕೈಗೆ ಸಿಕ್ಕಿತು. ಅದರಲ್ಲಿದ್ದ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಪಾಠಗಳನ್ನು ಒಂದೊಂದೇ ಮಾಡಿ ನೋಡಿದರು. ತಪ್ಪಾದರೆ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿ, ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂದು ಹೇಳುತ್ತಿತ್ತು. ಇದು ಅವರಿಗೆ ಬಹಳ ಹಿಡಿಸಿತು.

"ನಮ್ಮ ಕಾಲದಲ್ಲಿ ಪ್ರೂಫ್ ನೋಡೋರು ಬೈತಿದ್ರು, ತಪ್ಪು ಎಲ್ಲೈತೆ ಅಂತ ಹೇಳ್ತಿರಲಿಲ್ಲ. ಇದು ಬಯ್ಯೋದೇ ಇಲ್ಲ, ಜಾಗ ತೋರಿಸ್ತದೆ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು.

ಹೀಗೆ ಹೊತ್ತು ಹೋಗಲೆಂದು ಹಿಡಿದ ವಿದ್ಯೆಗೆ ಕೆಲಸ ಕೊಟ್ಟವರು ಬೆಟ್ಟದಪುರದ ನೀಲಾಂಬಿಕೆಯವರು. ಅವರು ಮೂವತ್ತನಾಲ್ಕು ವರ್ಷ ಆ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ನರ್ಸು. ಸರ್ಕಾರದ ರಿಜಿಸ್ಟರ್ ಬೇರೆ. ಅದಲ್ಲದೆ ತಮ್ಮದೇ ಹನ್ನೊಂದು ಉದ್ದನೆಯ ಪುಸ್ತಕಗಳಲ್ಲಿ ಪ್ರತಿ ಹೆರಿಗೆಯನ್ನೂ ಬರೆದಿಟ್ಟಿದ್ದರು. ತಾಯಿಯ ಹೆಸರು, ಊರು, ದಿನ, ಮಗು ಗಂಡೋ ಹೆಣ್ಣೋ. ಗಂಡನ ಹೆಸರಿಗೆ ಅಲ್ಲಿ ಜಾಗವೇ ಇರಲಿಲ್ಲ. ಕೇಳಿದರೆ, "ಎತ್ತೋಳ ಎಸ್ರು ಸಾಕು ಕಣ್ರೀ," ಎನ್ನುತ್ತಿದ್ದರು. ಹುಟ್ಟಿದ ತಾರೀಖು ಕೇಳಿಕೊಂಡು ಅವರ ಮನೆಗೆ ಬರುವವರು ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ನಿಂತಿರಲಿಲ್ಲ. ಈಚೆಗೆ ಕಣ್ಣಿಗೆ ಪೊರೆ ಬಂದು ಓದಲಾಗುತ್ತಿರಲಿಲ್ಲ. ಮಗನ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಳೆಯ ಪರಿಚಯದಿಂದ ಸಾಬರನ್ನು ಕೇಳಿದರು.

"ಎಲ್ಲಾನೂ ಕಂಪ್ಯೂಟರಿಗೆ ಆಕಿ, ಎಸ್ರು ಏಳಿದ್ರೆ ಉಡುಕಿ ಕೊಡೋ ಅಂಗೆ ಮಾಡಕ್ಕಾಯ್ತದಾ ಸಾಬ್ರೇ?"

"ಆಯ್ತದಮ್ಮ. ಯಾಕಾಗಲ್ಲ?" ಎಂದರು ಇವರು.

ಮೊದಲ ಮೂರು ಪುಸ್ತಕಗಳನ್ನು ಸಾಬರೇ ಟೈಪು ಮಾಡಿದರು. ಡಿಟಿಪಿ ಕಾಲದ ಹಳೆಯ ತಂತ್ರಾಂಶದಲ್ಲಿ ಅವರ ಕೈ ಓಡುತ್ತಿದ್ದುದರಿಂದ ಅದರಲ್ಲೇ ಟೈಪಿಸಿ, ಯಾರೋ ಪುಣ್ಯಾತ್ಮರು ಪುಕ್ಕಟೆ ಹಂಚಿದ್ದ ಪರಿವರ್ತಕದಿಂದ ಈಗಿನ ಅಕ್ಷರಗಳಿಗೆ ಬದಲಾಯಿಸಿಕೊಂಡರು. ಉಳಿದ ಎಂಟನ್ನು ನೀಲಾಂಬಿಕೆಯವರ ಸೊಸೆ ಪೂಜಾ ತನ್ನ ಫೋನಿನಲ್ಲಿ ಹೊಡೆದು ಕಳಿಸಿದಳು. ಒಟ್ಟು ನಾಲ್ಕು ಸಾವಿರದ ನೂರ ಹದಿನೆಂಟು ಹೆರಿಗೆ. ಹುಡುಕುವ ಪ್ರೋಗ್ರಾಂ ಬರೆಯಲು ಸಾಬರಿಗೆ ಒಂದು ತಿಂಗಳು ಹಿಡಿಯಿತು. ನಂಜಮ್ಮ ಎಂದು ಕೊಟ್ಟರೆ ಅರವತ್ತು ನಂಜಮ್ಮಂದಿರು ಸಾಲಾಗಿ ಬಂದು ನಿಂತರು. ಹೆಂಡತಿ ಖತೀಜಾಬಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದರು.

ಅದಾದ ಮೇಲೆ ಹುಟ್ಟಿದ ದಿನ ಬೇಕಾದವರು ಹುಣಸೂರಿಗೇ ಬರತೊಡಗಿದರು. ಸಿಕ್ಕರೆ ಸಾಬರು ಚೀಟಿಯಲ್ಲಿ ಬರೆದುಕೊಡುತ್ತಿದ್ದರು. ಸಿಗದಿದ್ದರೆ ಪರದೆಯ ಮೇಲೆ 'ಇಲ್ಲ' ಎಂದು ಬರುತ್ತಿತ್ತು. ಅವರೂ ಇಲ್ಲ ಎಂದು ಹೇಳಿ ಕಳಿಸುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಚುಂಚನಕಟ್ಟೆಯಿಂದ ಸಾಕಮ್ಮ ಎಂಬ ಹೆಂಗಸು ಬಂದಳು. ನಲವತ್ತೈದರ ಆಸುಪಾಸು, ಗದ್ದೆ ನಾಟಿಗೆ ಹೋಗುವವಳು. ಖತೀಜಾಬಿ ಕೊಟ್ಟ ನೀರನ್ನು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಂದ ಕಾರಣ ಹೇಳಿದಳು.

"ನಮ್ಮವ್ವನ ಎಸ್ರು ಒಂಬಾಳಮ್ಮ. ಬೆಟ್ಟದಪುರದ ಕಡೇಳು. ಯಾವೂರು ಅಂತ ಗೊತ್ತಿಲ್ಲ. ನನ್ನ ಸಾಕಿದ್ದು ದೊಡ್ಡವ್ವ ಚಿಕ್ಕಬಸಮ್ಮ, ಅದ್ಕೇ ಸಾಕಮ್ಮ ಅಂತ ಎಸ್ರು ಬಿತ್ತು. ಅವ್ಳೂ ಓದ್ ವರ್ಸ ತೀರ್ಕಂಡ್ಲು. ಸಾಯೋಕೆ ಮುಂಚೆ, ನರ್ಸಮ್ಮ ಬರ್ಕೊಂಡಿರ್ತಾಳೆ, ಓಗಿ ಕೇಳು ಅಂದ್ಲು."

"ಹುಟ್ಟಿದ ತಾರೀಖು ಬೇಕಾ ತಾಯಿ?"

"ತಾರೀಖು ತಕ್ಕಂಡು ನಾನೇನ್ ಮಾಡ್ಲಿ?" ಎಂದು ಸಾಕಮ್ಮ ತಲೆ ತಗ್ಗಿಸಿದಳು. "ನಾನು ಉಟ್ತಾನೇ ಅವ್ವ ಸತ್ಲಂತೆ. ತಾಯಿ ತಿಂದ್ಕಂಡು ಉಟ್ಟೋಳು ಅಂತ ಇಡೀ ಊರು ಅಂದದೆ. ದೊಡ್ಡವ್ವ ಅಂಗಲ್ಲ ಅಂತಿದ್ಲು, ಯಾರೂ ನಂಬ್ಲಿಲ್ಲ. ಅನ್ನಲಿ ಬುಡಿ, ರೂಢಿಯಾಗದೆ. ಈಗ ನನ್ ಮಗಳು ಏಳು ತಿಂಗಳ ಬಸ್ರಿ. ಎರಿಗೆ ಟೈಮಲ್ಲಿ ನಿಮ್ಮವ್ವ ಅತ್ರ ಸುಳೀಬಾರ್ದು ಅಂತ ಅವ್ಳ ಅತ್ತೆ ಏಳವ್ರೆ. ನಿಜ್ವಾಗ್ಲೂ ಅಂಗೇ ಆಯ್ತಾ, ಅದೊಂದು ತಿಳ್ಕಬೇಕು."

ಸಾಬರು 'ಹೊಂಬಾಳಮ್ಮ' ಎಂದು ಹೊಡೆದರು. ಇಬ್ಬರು ಬಂದರು. ಒಬ್ಬಳದು ತೊಂಬತ್ತೆಂಟನೇ ಇಸವಿ, ಇನ್ನೊಬ್ಬಳದು ಎರಡು ಸಾವಿರದ ಮೂರು. ಯಾವುದೂ ಸಾಕಮ್ಮನ ವಯಸ್ಸಿಗೆ ಹೊಂದಲಿಲ್ಲ. ನೀಲಾಂಬಿಕೆಯವರಿಗೆ ಫೋನ್ ಮಾಡಿದರು.

"ನಾನು ಬೆಟ್ಟದಪುರಕ್ಕೆ ಬಂದ ಒಸದ್ರಲ್ಲೂ ಒಬ್ಳು ಒಂಬಾಳಮ್ಮ ಇದ್ಲು ಕಣ್ರೀ," ಎಂದರು ಅವರು. "ಬರೀದೆ ಇರಕ್ಕೆ ಎಂಗೆ ಸಾಧ್ಯ? ಸರಿಯಾಗಿ ನೋಡಿ."

"ನೋಡ್ದೆ ಅಮ್ಮ. ಯಂತ್ರ ಸುಳ್ಳು ಹೇಳಲ್ಲ. ಆ ಕಾಲದ ಪುಸ್ತಕದಲ್ಲಿ ಇಲ್ಲ."

ಸಾಕಮ್ಮ ಎದ್ದಳು. ಬ್ಯಾಗಿನಿಂದ ಒಂದು ಬಾಳೆಗೊನೆಯ ಚಿಪ್ಪು ತೆಗೆದು ಜಗಲಿಯ ಮೇಲಿಟ್ಟು, ಕೆ.ಆರ್. ನಗರದ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಇಲ್ಲ ಎಂದು ಹೇಳಿಸಿಕೊಂಡ ಮೇಲೂ ಇಟ್ಟುಹೋದ ಆ ಹಣ್ಣನ್ನು ಕೈಯಿಂದ ಮುಟ್ಟಲು ಸಾಬರಿಗೆ ಎರಡು ದಿನ ಹಿಡಿಯಿತು.

ಮುಂದಿನ ವಾರ ನೀಲಾಂಬಿಕೆಯವರಿಗೆ ಪೊರೆ ತೆಗೆಸಲು ದಿನ ಗೊತ್ತಾಯಿತು. ಕಣ್ಣು ಬಂದ ಮೇಲೆ ಅವರೇ ಓದಿಕೊಳ್ಳಲಿ ಎಂದು ಸಾಬರು ಪುಸ್ತಕಗಳನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಅಚ್ಚು ಹಾಕಲು ಕುಳಿತರು. ಬೆಳಗಿನ ನಮಾಜು ಮುಗಿದ ಹೊತ್ತು. ಪ್ರಿಂಟರಿನಿಂದ ಹಾಳೆ ಬಂದ ಹಾಗೆಲ್ಲ, ಯಾರೂ ಹೇಳದಿದ್ದರೂ, ಅವರ ಕಣ್ಣು ಪ್ರೂಫ್ ನೋಡುವ ಹಾಗೆ ಸಾಲಿನ ಮೇಲೆ ಓಡುತ್ತಿತ್ತು. ಎರಡನೇ ಪುಸ್ತಕದ ಹದಿನಾಲ್ಕನೇ ಹಾಳೆಯ ನಡುವೆ ಕಣ್ಣು ನಿಂತಿತು.

ಹೊಂಬಾಳಮ್ಮ. ಆಗಸ್ಟ್ 17, 1981. ಹೆಣ್ಣು.

ಹಾಳೆಯನ್ನು ಹಿಡಿದುಕೊಂಡೇ ಕಂಪ್ಯೂಟರಿನ ಮುಂದೆ ಹೋಗಿ ಹೆಸರು ಹೊಡೆದರು. ಮತ್ತೆ ಅದೇ ಇಬ್ಬರು. ಎಂಬತ್ತೊಂದರವಳು ಬರಲಿಲ್ಲ. ಹಾಳೆಯಲ್ಲಿ ಇದ್ದಾಳೆ, ಹುಡುಕಿದರೆ ಇಲ್ಲ. ಕೆಂಪು ಅಕ್ಷರವೂ ಮೂಡಲಿಲ್ಲ. ಯಂತ್ರದ ಮಟ್ಟಿಗೆ ಎಲ್ಲವೂ ಸರಿಯಾಗಿತ್ತು.

ಸಾಬರು ಹಾಳೆ ಹಿಡಿದೇ ಅಡುಗೆಮನೆಗೆ ಹೋದರು. "ಆ ಹೆಣ್ಣುಮಗಳಿಗೆ ಮುಖದ ಮುಂದೆ ಇಲ್ಲ ಅಂದೆ," ಎಂದು ಖತೀಜಾಬಿಗೆ ಹೇಳಿದರು.

"ಇದೆ ಅಂತ ಈಗಲೇ ಫೋನ್ ಮಾಡಿ ಹೇಳಿ, ಮತ್ತೇನು ಯೋಚನೆ?"

"ಹೇಳ್ತೀನಿ. ಯಾಕೆ ಸಿಗಲಿಲ್ಲ ಅಂತ ಮೊದಲು ಗೊತ್ತಾಗಲಿ. ಇವಳೊಬ್ಬಳೇ ಅಂತ ಏನು ಗ್ಯಾರಂಟಿ?"

ಮೊದಲು ಹೆಸರಿನ ಹಿಂದೆಮುಂದೆ ಖಾಲಿ ಜಾಗವೇನಾದರೂ ಸೇರಿದೆಯೇ ಎಂದು ನೋಡಿದರು. ಇರಲಿಲ್ಲ. ಬೇರೆ ಕಡತ ತೆರೆಯುತ್ತಿದೆಯೇ ಎಂದು ನೋಡಿದರು. ಅದೂ ಅಲ್ಲ. ಆಮೇಲೆ ಪುಸ್ತಕದ ಕಡತದಿಂದಲೇ ಆ ಹೆಸರನ್ನು ನಕಲು ಮಾಡಿ ಹುಡುಕುವ ಜಾಗಕ್ಕೆ ಅಂಟಿಸಿದರು. ತಟ್ಟನೆ ಸಿಕ್ಕಿತು! ಆದರೆ ಈ ಸಲ ಇನ್ನಿಬ್ಬರು ಮಾಯವಾದರು. ಅಂದರೆ ಈ ಹೊಂಬಾಳಮ್ಮನೂ ಆ ಹೊಂಬಾಳಮ್ಮಂದಿರೂ ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ ಹೆಸರು. ಎರಡನ್ನೂ ಒಂದರ ಕೆಳಗೊಂದು ಇಟ್ಟು ದಿಟ್ಟಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಉದ್ದ ಅಳೆಯಲು ಹೇಳಿದರು. ಒಂದಕ್ಕೆ ಒಂಬತ್ತು ಎಂದಿತು, ಇನ್ನೊಂದಕ್ಕೆ ಹತ್ತು.

ಒಂದು ಹೆಚ್ಚಿಗೆ ಎಲ್ಲಿಂದ ಬಂತು? ಹೆಸರನ್ನು ಬಿಡಿಬಿಡಿಯಾಗಿ, ಸಾಲಿಗೊಂದು ತುಂಡಿನಂತೆ ತೋರಿಸಲು ಬರೆದರು. ಕೈಯಾರೆ ಹೊಡೆದದ್ದರಲ್ಲಿ 'ಹ' ಮತ್ತು ಒತ್ವ. ಪುಸ್ತಕದ್ದರಲ್ಲಿ 'ಹ', ಅದರ ಕೆಳಗೆ ಎತ್ವ, ಅದರ ಕೆಳಗೆ ಉದ್ದ ಕೊಂಬು.

ಸಾಬರು ಹಣೆ ಬಡಿದುಕೊಂಡು ನಕ್ಕೇಬಿಟ್ಟರು. ಪ್ರೆಸ್ಸಿನಲ್ಲಿ ಅವರಿಗೆ ಕೆಲಸ ಕಲಿಸಿದ ಫೋರ್‌ಮನ್ ನಂಜಣ್ಣ ಎಂಬವರಿದ್ದರು. ಡಬ್ಬಿಯಲ್ಲಿ 'ಹೊ' ಮೊಳೆ ಮುಗಿದು ಹುಡುಗ ಕೈಕಟ್ಟಿ ನಿಂತರೆ ಅವರು ಗದರುವರು: "ಮುಗುದ್ರೆ ಏನ್ಲಾ? 'ಹೆ' ಇಡು, ಪಕ್ಕದಲ್ಲಿ ಕೊಂಬು ಇಡು. ಓದೋನ್ಗೆ ಎರಡೂ ಒಂದೇ ಕಣ್ಲಾ." ಓದುವವನಿಗೆ ಒಂದೇ, ಮೊಳೆ ಎಣಿಸುವವನಿಗೆ ಎರಡು. ಹಳೆಯ ಅಕ್ಷರಗಳನ್ನು ಬದಲಾಯಿಸಿದ ಪರಿವರ್ತಕ ಹೀಗೆ ಎರಡು ಮೊಳೆ ಜೋಡಿಸಿತ್ತು. ಪೂಜಾಳ ಫೋನು ಒಂದೇ ಮೊಳೆ ಇಟ್ಟಿತ್ತು. ಯಂತ್ರ ಓದುತ್ತಿರಲಿಲ್ಲ, ಎಣಿಸುತ್ತಿತ್ತು. ನಂಜಣ್ಣ ತೀರಿಕೊಂಡು ಮೂವತ್ತು ವರ್ಷವಾಗಿತ್ತು. ಆ ಬೆಳಿಗ್ಗೆ ಸಾಬರು ಅವರ ಹೆಸರು ಹೇಳಿ ಎರಡು ಕೈ ಎತ್ತಿ ದುವಾ ಮಾಡಿದರು.

ಸರಿಪಡಿಸಲು ಬೇಕಾದದ್ದು ಎರಡು ಸಾಲು. ಹುಡುಕುವ ಮೊದಲು, ಎಲ್ಲೆಲ್ಲಿ ಎತ್ವದ ಪಕ್ಕ ಉದ್ದ ಕೊಂಬಿದೆಯೋ ಅಲ್ಲೆಲ್ಲ ಒಂದೇ ಒತ್ವ ಇಡು. ಈ ತೊಂದರೆ ಬೇರೆ ಭಾಷೆಗಳಿಗೂ ಇದೆ, ಪೈಥಾನಿನಲ್ಲೇ ಅದಕ್ಕೆ ಸಿದ್ಧ ಮದ್ದಿದೆ ಎಂದು ನಿಶತ್ ಆಮೇಲೆ ಮೈಸೂರಿನಿಂದ ಫೋನಿನಲ್ಲಿ ಹೇಳಿದಳು. ಇರಲಿ ಎಂದರು ಅಜ್ಜ. ಹಾಗೆಯೇ ಪರದೆಯ ಮೇಲೆ ಬರುತ್ತಿದ್ದ 'ಇಲ್ಲ' ಎಂಬ ಮಾತನ್ನು ಅಳಿಸಿ, 'ನನಗೆ ಸಿಗಲಿಲ್ಲ, ಪುಸ್ತಕ ನೋಡಿ' ಎಂದು ಬರೆದರು.

ಸಾಕಮ್ಮನಿಗೆ ಫೋನಿನಲ್ಲಿ ಹೆಚ್ಚು ಹೇಳಲಿಲ್ಲ. ನಿಮ್ಮ ಅವ್ವನ ಹೆಸರು ಸಿಕ್ಕಿದೆ, ನನ್ನದೇ ತಪ್ಪು, ಬನ್ನಿ ಎಂದರು. ಅವರ ಬಳಿ ಇದ್ದದ್ದು ಹೆಸರು, ಊರು, ತಾರೀಖು ಅಷ್ಟೇ. ನರ್ಸಮ್ಮ ಅಂಚಿನಲ್ಲಿ ಸಣ್ಣಗೆ ಬರೆದ ಟಿಪ್ಪಣಿಗಳನ್ನು ಅವರು ಟೈಪು ಮಾಡಿರಲಿಲ್ಲ. ತಾಯಿಗೆ ಏನಾಯಿತು ಎಂದು ತಿಳಿಯಬೇಕಾದರೆ ಮೂಲ ಪುಸ್ತಕವನ್ನೇ ತೆರೆಯಬೇಕು.

ಎರಡು ದಿನ ಬಿಟ್ಟು ಸಾಬರೂ ಸಾಕಮ್ಮನೂ ಬೆಟ್ಟದಪುರಕ್ಕೆ ಹೋದರು. ನೀಲಾಂಬಿಕೆಯವರು ಆಪರೇಷನ್ ಮುಗಿಸಿಕೊಂಡು ಕಪ್ಪು ಕನ್ನಡಕ ಹಾಕಿ ಪಡಸಾಲೆಯಲ್ಲಿ ಕುಳಿತಿದ್ದರು. ಪೂಜಾ ಬೀರುವಿನಿಂದ ಎರಡನೇ ಪುಸ್ತಕ ತಂದು ತಾರೀಖು ಹುಡುಕಿ ತೆರೆದಳು. ಸಾಬರು ಓದಲು ಹೋದರು.

"ನೀವು ಬ್ಯಾಡಿ. ನಾಕ್ನೇ ಕ್ಲಾಸು ಓದಿವ್ನಿ, ನಾನೇ ಓದ್ತೀನಿ," ಎಂದು ಸಾಕಮ್ಮ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ಹೊಂಬಾಳಮ್ಮ. ಹತ್ತೊಂಬತ್ತು ವರ್ಷ. ಚೊಚ್ಚಲು. ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಹೆಣ್ಣು ಮಗು. ಹೆರಿಗೆ ಸಲೀಸು. ತಾಯಿ ಮಗು ಕ್ಷೇಮ."

ಅಲ್ಲಿಗೆ ನಿಂತು, ಮತ್ತೊಮ್ಮೆ ಕೊನೆಯ ಮಾತಿನ ಮೇಲೆ ಬೆರಳಾಡಿಸಿದಳು. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಇನ್ನೂ ನಾಲ್ಕು ಸಾಲಿತ್ತು.

"ಸೆಪ್ಟೆಂಬರ್ ಇಪ್ಪತ್ತೊಂಬತ್ತು. ಊರಲ್ಲಿ ಕಾಮಾಲೆ. ಹೊಂಬಾಳಮ್ಮ ನಿನ್ನೆ ತೀರಿಕೊಂಡಳು. ಮಗು ನಲವತ್ತೆರಡು ದಿನ ತಾಯಿ ಹಾಲು ಕುಡಿದಿದೆ. ಅಳು ಗಟ್ಟಿ. ಅಪ್ಪ ಕೊಡಗಿನ ತೋಟಕ್ಕೆ ಹೋದವನು ಬಂದಿಲ್ಲ. ಚುಂಚನಕಟ್ಟೆಯ ಚಿಕ್ಕಬಸಮ್ಮ ಬಂದು ಮಗುವನ್ನು ಎತ್ತಿಕೊಂಡು ಹೋದಳು."

ಸಾಕಮ್ಮ ಪುಸ್ತಕ ಮುಚ್ಚಲಿಲ್ಲ.

"ನಲವತ್ತೆರಡು ದಿನ," ಎಂದಳು ಕೊನೆಗೆ. "ನಲವತ್ತೆರಡು ದಿನ ನಮ್ಮವ್ವ ನನ್ನ ಎತ್ಕಂಡಿದ್ಲು."

"ಊಂ ಕಣವ್ವ," ಎಂದರು ನೀಲಾಂಬಿಕೆ. "ಆ ವರ್ಸ ಕಾಮಾಲೆ ಏಳು ಜನ್ರ ತಕ್ಕಂಡೋಯ್ತು. ಕಾಮಾಲೆಗೂ ಎರಿಗೆಗೂ ಏನು ಸಂಬಂಧ? ನೀನು ಯಾರ್‌ನೂ ತಿಂದೋಳಲ್ಲ. ಯಾವನಾದ್ರೂ ಅಂಗಂದ್ರೆ ನನ್ನತ್ರ ಕಳ್ಸು."

ಸಾಕಮ್ಮ ಎದ್ದು ಅವರ ಕಾಲು ಮುಟ್ಟಿದಳು. ಆಮೇಲೆ ಸಾಬರ ಕಡೆ ತಿರುಗಿದಳು. ಅವರು ಗಾಬರಿಯಿಂದ ಹಿಂದೆ ಸರಿದು, "ನನಗೆ ಬೇಡ ತಾಯಿ. ನಾನು ಇಲ್ಲ ಅಂದೋನು," ಎಂದರು.

"ಇಲ್ಲ ಅಂದ್ರಿ. ಆದ್ರೂ ಬುಡಲಿಲ್ಲವಲ್ಲ," ಎಂದಳು ಸಾಕಮ್ಮ. ನಲವತ್ತು ವರ್ಷ ಯಾರ ಮುಂದೆಯೂ ಅಳದವಳು ಆಗ ಅತ್ತಳು. ಪೂಜಾ ಆ ಪುಟದ ಫೋಟೋ ತೆಗೆದು ಅವಳ ಮಗಳ ಫೋನಿಗೆ ಕಳಿಸಿದಳು.

ಸಾಬರ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಯಾರು ಬಂದು ಯಾವ ಹೆಸರು ಹುಡುಕಿಸಿದರು ಎಂಬುದನ್ನು ಫೋನ್ ನಂಬರಿನ ಸಮೇತ ಪ್ರೋಗ್ರಾಂ ಒಂದು ಕಡತದಲ್ಲಿ ಬರೆದಿಡುತ್ತಿತ್ತು. ಸಿಗದೆ ಹೋದ ನಲವತ್ತೊಂದು ಹೆಸರುಗಳನ್ನೂ ಮತ್ತೆ ಓಡಿಸಿದರು. ಏಳು ಸಿಕ್ಕವು. ದೊಡ್ಡತಾಯಮ್ಮ, ಹೊನ್ನಮ್ಮ, ಇಂಥವೇ. ಏಳು ಜನರಿಗೂ ಫೋನ್ ಮಾಡಿ, ಎತ್ತಿದವರಿಗೆ ನನ್ನಿಂದ ತಪ್ಪಾಯಿತು ಎಂದು ಹೇಳಿಯೇ ಮಾತು ಶುರು ಮಾಡಿದರು. ಎರಡು ನಂಬರು ಹೋಗಲೇ ಇಲ್ಲ. ಎಚ್.ಡಿ. ಕೋಟೆಯ ಸಣ್ಣಬೀರಯ್ಯ, "ಅಯ್ಯೋ, ಅದು ಆಗ್ಲೇ ಬೇರೆ ಕಡೆಯಿಂದ ಆಯ್ತು ಸಾಬ್ರೇ. ಆದ್ರೂ ಫೋನ್ ಮಾಡುದ್ರಲ್ಲ, ಅದು ದೊಡ್ಡದು," ಎಂದ. ಉಳಿದವರು ಬಂದು ಚೀಟಿ ಬರೆಸಿಕೊಂಡು ಹೋದರು. ಅಂಚಿನ ಟಿಪ್ಪಣಿಗಳನ್ನೂ ಈಗ ಪೂಜಾ ಮತ್ತು ಸಾಬರು ಹಂಚಿಕೊಂಡು ಟೈಪು ಮಾಡುತ್ತಿದ್ದಾರೆ.

ಶ್ರಾವಣದ ಎರಡನೇ ವಾರ ಸಾಕಮ್ಮನ ಮಗಳಿಗೆ ಹೆರಿಗೆಯಾಯಿತು. ಫೋನ್ ಎತ್ತಿದ್ದು ಖತೀಜಾಬಿ. ಆ ಕಡೆಯಿಂದ ಗದ್ದಲ, ಪಾತ್ರೆಯ ಸದ್ದು, ಅದರ ನಡುವೆ ಸಾಕಮ್ಮನ ಧ್ವನಿ: "ಎಣ್ಣು ಮಗು ಕಣಮ್ಮ! ಮೂರು ಕೇಜಿ ಐತೆ. ನಮ್ ಬೀಗ್ತಿನೇ ಕೂಸ ತಂದು ಮೊದ್ಲು ನನ್ ಕೈಗೆ ಕೊಟ್ಲು. ಸಾಬ್ರಿಗೆ ಏಳಿ, ನಾನು ಈಗ ಬಾಣಂತಿಗೆ ನೀರು ಕಾಯಿಸ್ತಾ ಇವ್ನಿ ಅಂತ ಏಳಿ."

ಖತೀಜಾಬಿ ಒಳಗೆ ಹೋಗಿ ಗಂಡನಿಗೆ ಹಾಗೆಯೇ, ಒಂದು ಮಾತೂ ಬಿಡದೆ ಹೇಳಿದರು.